ಮರದ ಬೀಜಗಳನ್ನು ಕೊರೆಯುವ ದುಂಬಿಗಳು: ಬೀಜ ಸಂಗ್ರಹಿಸುವವರಿಗೆ ಹಾಗೂ ಸಸಿ ಬೆಳೆಸುವವರಿಗೆ ಮಾಹಿತಿ

1. ಪೀಠಿಕೆ

ತುಮಕೂರು ನಗರ, ಗುಬ್ಬಿ ಹಾಗೂ ಕುಣಿಗಲ್ ತಾಲ್ಲೂಕುಗಳ ಅನೇಕ ರೈತರು, ಶಾಲೆಗಳು ಮತ್ತು ಸ್ವಸಹಾಯ ಸಂಘಗಳು ಹುಣಸೆ, ಜಾಲಿ, ಬಾಗೆ, ಹೊಂಗೆ, ಬೇವು ಮುಂತಾದ ಮರಗಳ ಬೀಜಗಳನ್ನು ತಾವೇ ಸಂಗ್ರಹಿಸಿ ಸಸಿ ಬೆಳೆಸುವುದುಂಟು. ಬಿತ್ತಿದ ಬೀಜ ಮೊಳೆಯದೆ ಹೋದಾಗ ಸಾಮಾನ್ಯವಾಗಿ ಮಣ್ಣನ್ನು, ನೀರನ್ನು ಅಥವಾ ಬಿಸಿಲನ್ನು ದೂರಲಾಗುತ್ತದೆ. ಆದರೆ ಹಲವು ಸಂದರ್ಭಗಳಲ್ಲಿ ಬೀಜವು ಮಣ್ಣಿಗೆ ಬೀಳುವ ಮೊದಲೇ ಒಳಗಿನಿಂದ ಟೊಳ್ಳಾಗಿರುತ್ತದೆ. ಇದಕ್ಕೆ ಕಾರಣ ಬೀಜ ಕೊರೆಯುವ ಸಣ್ಣ ದುಂಬಿಗಳು.

ಈ ನಷ್ಟದ ಪರಿಣಾಮವು ಬೀಜದ ಬೆಲೆಗೆ ಸೀಮಿತವಾದುದಲ್ಲ. ಹುಣಸೆ ಹಣ್ಣು ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲಿಗೆ ಬರುತ್ತದೆ. ಮುಂಗಾರಿನಲ್ಲಿ ನೆಡಬೇಕಾದ ಸಸಿಗಳಿಗಾಗಿ ಬೇಸಿಗೆಯ ಆರಂಭದಲ್ಲಿಯೇ ಬೀಜವನ್ನು ಚೀಲಗಳಲ್ಲಿ ಬಿತ್ತಬೇಕಾಗುತ್ತದೆ. ಬೀಜ ಕೆಟ್ಟಿರುವುದು ಏಪ್ರಿಲ್ ಅಥವಾ ಮೇ ತಿಂಗಳಿನಲ್ಲಿ ತಿಳಿದುಬಂದರೆ ಆ ವೇಳೆಗೆ ಮರದಲ್ಲಿ ಹಣ್ಣು ಉಳಿದಿರುವುದಿಲ್ಲ. ಮನೆಯಲ್ಲಿ ಉಳಿದಿರುವ ಬೀಜವೂ ಅದೇ ರಾಶಿಯದಾಗಿರುತ್ತದೆ. ಮಳೆಯನ್ನೇ ನಂಬಿದ ಪ್ರದೇಶದಲ್ಲಿ ನೆಡುವ ಒಂದು ಹಂಗಾಮು ತಪ್ಪಿದರೆ ಒಂದು ವರ್ಷವೇ ತಪ್ಪಿದಂತೆ.

ದುಂಬಿಯ ಹಾವಳಿಯು ಉಗ್ರಾಣದಲ್ಲಿ ಆರಂಭವಾಗುತ್ತದೆ ಎಂಬ ಭಾವನೆ ಸಾರ್ವಜನಿಕರಲ್ಲಿದೆ. ವಾಸ್ತವವಾಗಿ ಅದು ಮರದ ಮೇಲೆಯೇ, ಇಲ್ಲವೇ ಕಣದಲ್ಲಿ ಆರಂಭವಾಗಿ ಉಗ್ರಾಣದಲ್ಲಿ ಬಯಲಿಗೆ ಬರುತ್ತದೆ. ಆದ್ದರಿಂದ ಮುನ್ನೆಚ್ಚರಿಕೆಯನ್ನೂ ಕೊಯ್ಲಿನ ದಿನದಿಂದಲೇ ವಹಿಸಬೇಕಾಗುತ್ತದೆ. ಈ ವಿಷಯವನ್ನು ಮುಂದೆ ವಿವರಿಸಲಾಗಿದೆ.

2. ಇತರ ದೇಶಗಳಲ್ಲಿನ ಅನುಭವ

ಶೀತ ಪ್ರದೇಶಗಳ ಪೈನ್ ಮುಂತಾದ ಮರಗಳು ತಮ್ಮ ಬೀಜಗಳನ್ನು ಶಂಕುವಿನ ಆಕಾರದ ಗಟ್ಟಿ ಕಾಯಿಗಳಲ್ಲಿ ಇಟ್ಟುಕೊಂಡಿರುತ್ತವೆ. ಉತ್ತರ ಅಮೆರಿಕದಲ್ಲಿ ‘ಕೊನಾಫ್ತೋರಸ್’ ಎಂಬ ಕುಲದ ದುಂಬಿಗಳು ಈ ಕಾಯಿಗಳನ್ನೇ ಆಶ್ರಯಿಸಿವೆ. ಹೆಣ್ಣು ದುಂಬಿಯು ಕಾಯಿಯ ಬುಡವನ್ನು ಕೊರೆದು ಒಳಹೊಕ್ಕು, ನಡುದಿಂಡಿನ ಉದ್ದಕ್ಕೂ ಸುರಂಗ ಮಾಡಿ ಮೊಟ್ಟೆಯಿಡುತ್ತದೆ. ಇದರಿಂದ ಕಾಯಿಗೆ ಆಹಾರ ಮತ್ತು ನೀರಿನ ಪೂರೈಕೆ ನಿಂತು, ಬೀಜ ಬಲಿಯುವ ಮೊದಲೇ ಕಾಯಿ ಒಣಗಿ ಉದುರುತ್ತದೆ. ಬಿಳಿ ಪೈನ್ ಮರದ ಬೀಜೋತ್ಪಾದನಾ ತೋಪುಗಳಲ್ಲಿ ಹಾವಳಿ ತೀವ್ರವಾದ ವರ್ಷಗಳಲ್ಲಿ ಬೀಜದ ಬಹುಭಾಗ ಹಾಳಾಗುವುದುಂಟು. ದುಂಬಿಗಳು ಉದುರಿದ ಕಾಯಿಗಳೊಳಗೇ ಚಳಿಗಾಲವನ್ನು ಕಳೆದು ಮುಂದಿನ ವಸಂತದಲ್ಲಿ ಮರಕ್ಕೆ ಏರುವುದರಿಂದ, ಮರದಡಿಯ ಕಾಯಿಗಳನ್ನು ನಾಶಪಡಿಸುವುದು ಅಲ್ಲಿನ ಮುಖ್ಯ ನಿಯಂತ್ರಣ ಕ್ರಮಗಳಲ್ಲಿ ಒಂದಾಗಿದೆ.

ತುಮಕೂರು ಜಿಲ್ಲೆಯಲ್ಲಿ ಸ್ವಾಭಾವಿಕವಾದ ಪೈನ್ ಅರಣ್ಯಗಳಿಲ್ಲ. ಇಲ್ಲಿ ಬೆಳೆಸುವ ಸರ್ವೆ ಅಥವಾ ಗಾಳಿಮರದ ಕಾಯಿಯು ಶಂಕುವಿನಂತೆ ಕಂಡರೂ ಆ ಮರವು ಪೈನ್ ಗುಂಪಿಗೆ ಸೇರಿದುದಲ್ಲ. ಈ ಭಾಗದಲ್ಲಿ ಅದೇ ಬಗೆಯ ಹಾನಿಯನ್ನು ಅನುಭವಿಸುವ ಮರಗಳೆಂದರೆ ಕೋಡುಕಾಯಿ ಬಿಡುವ ಹುಣಸೆ, ಜಾಲಿ, ಬಾಗೆ ಹಾಗೂ ಕಕ್ಕೆ. ದುಂಬಿಯ ಜಾತಿ ಬೇರೆಯಾದರೂ ಉದುರಿದ ಕಾಯಿಯೇ ಮುಂದಿನ ಪೀಳಿಗೆಯ ತವರು ಎಂಬುದು ಇಲ್ಲಿಗೂ ಅನ್ವಯಿಸುತ್ತದೆ.

3. ಹುಣಸೆ ದುಂಬಿಯ ಗುರುತು

ತುಮಕೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯು ಹುಣಸೆ ವಹಿವಾಟಿಗೆ ಹೆಸರಾಗಿದೆ. ರಸ್ತೆಬದಿ, ಹೊಲದ ಬದು ಹಾಗೂ ತೋಪುಗಳಲ್ಲಿರುವ ಹುಣಸೆ ಮರಗಳು ಈ ಭಾಗದ ಅನೇಕ ಕುಟುಂಬಗಳಿಗೆ ಬೇಸಿಗೆಯ ಆದಾಯದ ಮೂಲವಾಗಿವೆ. ಈ ಮರದ ಬೀಜವನ್ನು ಮುಖ್ಯವಾಗಿ ಎರಡು ದುಂಬಿಗಳು ಕೊರೆಯುತ್ತವೆ.

ಮೊದಲನೆಯದು ‘ಕ್ಯಾರಿಡಾನ್ ಸೆರೇಟಸ್’ ಎಂಬ ವೈಜ್ಞಾನಿಕ ಹೆಸರಿನ ದುಂಬಿ. ಫ್ರಾನ್ಸಿನ ಕೀಟಶಾಸ್ತ್ರಜ್ಞ ಒಲಿವಿಯೆ 1790ರಲ್ಲಿ ಇದನ್ನು ವರ್ಣಿಸಿದನು. ಅಲಸಂದೆ, ಹೆಸರು, ತೊಗರಿ ಕಾಳಿನ ಡಬ್ಬಿಗಳಲ್ಲಿ ಕಾಣಿಸಿಕೊಳ್ಳುವ ಕಾಳುಹುಳುವಿನ ಬಳಗಕ್ಕೇ ಇದು ಸೇರಿದ್ದರೂ ಗಾತ್ರದಲ್ಲಿ ದೊಡ್ಡದು. ಉದ್ದ ಸುಮಾರು 4ರಿಂದ 7 ಮಿಲಿಮೀಟರ್. ಮೈಬಣ್ಣ ಕೆಂಗಂದು, ಅದರ ಮೇಲೆ ಕಪ್ಪು ಮಚ್ಚೆಗಳು. ಮೀಸೆಗಳು ಗರಗಸದ ಹಲ್ಲಿನಂತಿರುತ್ತವೆ. ಹಿಂಗಾಲಿನ ತೊಡೆಯು ದಪ್ಪನಾಗಿದ್ದು, ಅದರ ಅಂಚಿನಲ್ಲಿ ಬಾಚಣಿಗೆಯಂತೆ ಸಾಲು ಮುಳ್ಳುಗಳಿರುವುದು ಇದರ ಖಚಿತ ಗುರುತು.

ಎರಡನೆಯದು ‘ಸೈಟೋಫಿಲಸ್ ಲಿನಿಯಾರಿಸ್’ ಎಂಬ ಸೊಂಡಿಲು ಹುಳು. ಅಕ್ಕಿಯ ಡಬ್ಬಿಯಲ್ಲಿ ಕಾಣುವ ಸೊಂಡಿಲು ಹುಳುವಿನ ಹತ್ತಿರದ ಸಂಬಂಧಿಯಾದ ಇದು ತನ್ನ ಉದ್ದವಾದ ಮೂತಿಯಿಂದ ಹುಣಸೆ ಬೀಜದಲ್ಲಿ ರಂಧ್ರ ಮಾಡಿ ಅದರೊಳಗೆ ಮೊಟ್ಟೆಯಿಡುತ್ತದೆ. ಕ್ಯಾರಿಡಾನ್ ದುಂಬಿಯು ಕಾಯಿಯ ಹೊರಗೆ ಮೊಟ್ಟೆಯಿಟ್ಟರೆ, ಇದು ಬೀಜದ ಒಳಗೇ ಇಡುತ್ತದೆ. ಇದೇ ಇವೆರಡರ ನಡುವಿನ ಮುಖ್ಯ ವ್ಯತ್ಯಾಸ.

4. ಹಾನಿ ಉಂಟಾಗುವ ಬಗೆ

ಹುಣಸೆ ಕಾಯಿ ಹಣ್ಣಾಗಿ, ಓಡು ಒಣಗಿ ಬಿರುಕು ಬಿಡುವ ವೇಳೆಗೆ ಕ್ಯಾರಿಡಾನ್ ದುಂಬಿ ಮೊಟ್ಟೆಯಿಡಲು ಬರುತ್ತದೆ. ಮೊಟ್ಟೆಗಳು ಹಾಲುಬಿಳುಪಿನ ಸಣ್ಣ ಚುಕ್ಕೆಗಳಂತೆ ಓಡಿನ ಮೇಲೆ ಅಥವಾ ಬಿರುಕಿನ ಮೂಲಕ ಕಾಣುವ ಬೀಜದ ಮೇಲೆ ಅಂಟಿಕೊಂಡಿರುತ್ತವೆ. ಸುಮಾರು ಒಂದು ವಾರದೊಳಗೆ ಮೊಟ್ಟೆಯೊಡೆದ ಮರಿಹುಳು ಹೊರಗೆ ಓಡಾಡದೆ, ಮೊಟ್ಟೆಯ ತಳದಿಂದಲೇ ನೇರವಾಗಿ ಒಳಕ್ಕೆ ಕೊರೆಯುತ್ತದೆ. ಈ ಹಂತದ ರಂಧ್ರವು ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಬೀಜವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದು ಗಟ್ಟಿ ಬೀಜದಂತೆಯೇ ತೋರುತ್ತದೆ.

ಒಳಹೊಕ್ಕ ಹುಳು ಬೀಜದ ಬೇಳೆಯನ್ನು ತಿಂದು ಬೆಳೆಯುತ್ತದೆ. ಮೊಳಕೆಗೆ ಮೊದಲ ದಿನಗಳ ಆಹಾರವನ್ನು ಒದಗಿಸುವುದು ಇದೇ ಬೇಳೆ. ಬೆಳವಣಿಗೆ ಪೂರ್ಣವಾದ ನಂತರ ಹುಳುವು ಸುಮಾರು 3 ಮಿಲಿಮೀಟರ್ ಅಗಲದ ದುಂಡನೆಯ ರಂಧ್ರ ಮಾಡಿ ಹೊರಬರುತ್ತದೆ. ಅನೇಕ ವೇಳೆ ಹೊರಭಾಗದಲ್ಲಿಯೇ ತೆಳು ಕಾಗದದಂತಹ ಅಂಡಾಕಾರದ ಗೂಡು ನೇಯ್ದುಕೊಂಡು ಅದರೊಳಗೆ ಕೋಶಾವಸ್ಥೆಯನ್ನು ಕಳೆಯುತ್ತದೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಮೊಟ್ಟೆಯಿಂದ ದುಂಬಿಯಾಗಲು ಸುಮಾರು ಆರು ವಾರಗಳು ಸಾಕು. ಅಂದರೆ ಫೆಬ್ರವರಿಯಲ್ಲಿ ಮೂಟೆ ಸೇರಿದ ಬೀಜದಲ್ಲಿ ಮೊಟ್ಟೆಗಳಿದ್ದರೆ ಏಪ್ರಿಲ್ ವೇಳೆಗೆ ಅದೇ ಮೂಟೆಯಲ್ಲಿ ಎರಡನೆಯ ಪೀಳಿಗೆ ಮೊಟ್ಟೆಯಿಡಲು ಸಿದ್ಧವಾಗಿರುತ್ತದೆ.

ಅಳಿಗುಳಿಮಣೆ ಆಟಕ್ಕೆ ಹುಣಸೆ ಬೀಜ ಆರಿಸುವ ಮಕ್ಕಳು ಹಗುರವಾದ, ತೂತುಬಿದ್ದ ಬೀಜವನ್ನು ಕೂಡಲೇ ಗುರುತಿಸಿ ಪಕ್ಕಕ್ಕಿಡುತ್ತಾರೆ. ಆದರೆ ತೂತು ಕಾಣುವುದು ಹುಳು ಹೊರಟುಹೋದ ಮೇಲೆ. ತೂತಿಲ್ಲದ ಬೀಜವೆಲ್ಲ ಒಳ್ಳೆಯ ಬೀಜ ಎಂದು ಭಾವಿಸುವಂತಿಲ್ಲ. ಹುಳುವು ಬೇಳೆಯನ್ನು ಮಾತ್ರ ತಿಂದು ಮೊಳಕೆಯ ಭಾಗವನ್ನು ಬಿಟ್ಟಿದ್ದರೆ ಬೀಜ ಮೊಳೆಯಲೂಬಹುದು. ಆದರೆ ಅಂತಹ ಸಸಿಯು ದುರ್ಬಲವಾಗಿರುತ್ತದೆ.

5. ಹುಣಸೆಯಿಂದ ಕಡಲೆಕಾಯಿಗೆ

ಈ ದುಂಬಿಯ ಹಾವಳಿ ಹುಣಸೆಗೆ ಮಾತ್ರ ಸೀಮಿತವಲ್ಲ ಎಂಬುದನ್ನು ರೈತರು ವಿಶೇಷವಾಗಿ ಗಮನಿಸಬೇಕು. ದಕ್ಷಿಣ ಅಮೆರಿಕದಿಂದ ಬಂದ ಕಡಲೆಕಾಯಿಯು ಏಷ್ಯಾ ಹಾಗೂ ಆಫ್ರಿಕಾ ಖಂಡಗಳಲ್ಲಿ ಹರಡಿದಾಗ, ಅಲ್ಲಿನ ಮರಗಳ ಕೋಡುಗಳಲ್ಲಿದ್ದ ಈ ದುಂಬಿಗೆ ಹೊಸ ಆಹಾರ ದೊರೆಯಿತು. ಸೆನೆಗಲ್ ದೇಶದ ಕಡಲೆಕಾಯಿಯಲ್ಲಿ ಇದರ ಹಾವಳಿಯನ್ನು ಫ್ರಾನ್ಸಿನ ಕೀಟಶಾಸ್ತ್ರಜ್ಞ ರೂಬೊ 1916ರಲ್ಲಿ ವರದಿ ಮಾಡಿದ್ದನು. ಸಿಪ್ಪೆಸಹಿತ ದಾಸ್ತಾನು ಮಾಡಿದ ಕಡಲೆಕಾಯಿಗೆ ಇದು ಇಂದು ಭಾರತದಲ್ಲಿಯೂ ಪ್ರಮುಖ ಕೀಟವಾಗಿದೆ.

ಕಿತ್ತ ಕಡಲೆಕಾಯಿಯನ್ನು ಹೊಲದಲ್ಲಿ ಅಥವಾ ಕಣದಲ್ಲಿ ಒಣಗಿಸುವಾಗ ಸಮೀಪದ ಹುಣಸೆ ಮರಗಳಿಂದ ದುಂಬಿಗಳು ಬಂದು ಕಾಯಿಯ ಮೇಲೆ ಮೊಟ್ಟೆಯಿಡುತ್ತವೆ. ನಂತರ ಮೂಟೆಯೊಂದಿಗೆ ಮನೆ ಸೇರುತ್ತವೆ. ಕೊರೆದ ರಂಧ್ರಗಳ ಮೂಲಕ ಬೂಷ್ಟು ಒಳಸೇರಿ ಕಾಳು ವಿಷಯುಕ್ತವಾಗುವ ಸಂಭವವೂ ಇದೆ. ಪಾವಗಡ, ಶಿರಾ, ಮಧುಗಿರಿ ಭಾಗಗಳಲ್ಲಿ ಕಡಲೆಕಾಯಿ ಪ್ರಮುಖ ಬೆಳೆ. ಗುಬ್ಬಿ, ಕುಣಿಗಲ್ ಭಾಗಗಳಲ್ಲಿ ಬಿತ್ತನೆಗಾಗಿ ಅಥವಾ ಮನೆಬಳಕೆಗಾಗಿ ಒಂದೆರಡು ಮೂಟೆ ಇಟ್ಟುಕೊಳ್ಳುವವರೂ ಹುಣಸೆ ಹಣ್ಣು ಮತ್ತು ಕಡಲೆಕಾಯಿಯನ್ನು ಒಂದೇ ಕೋಣೆಯಲ್ಲಿ ಇಡದಿರುವುದು, ಕಡಲೆಕಾಯಿಯನ್ನು ಹುಣಸೆ ಮರದಡಿ ಒಣಗಿಸದಿರುವುದು ಕ್ಷೇಮಕರ.

6. ಜಾಲಿ, ಬಾಗೆ, ಕಕ್ಕೆ ಬೀಜಗಳು

ಕೆರೆ ಅಂಗಳಗಳಲ್ಲಿ ಬೆಳೆಯುವ ಕರಿಜಾಲಿ, ರಸ್ತೆಬದಿಯ ಬಾಗೆ ಹಾಗೂ ಕುರುಚಲು ಕಾಡಿನ ಕಕ್ಕೆ ಮರಗಳ ಕೋಡುಗಳಲ್ಲಿಯೂ ಇದೇ ಬಳಗದ ದುಂಬಿಗಳು ವಾಸಿಸುತ್ತವೆ. ಕೋಡು ಮರದಲ್ಲಿ ಅಥವಾ ಮರದಡಿ ಹೆಚ್ಚು ದಿನ ಉಳಿದಷ್ಟೂ ತೂತುಬಿದ್ದ ಬೀಜಗಳ ಪ್ರಮಾಣ ಹೆಚ್ಚುತ್ತದೆ.

ಜಾಲಿ ಬೀಜದ ವಿಷಯದಲ್ಲಿ ಮೇಕೆಗಳ ಪಾತ್ರ ಗಮನಾರ್ಹವಾದುದು. ಮೇಕೆಗಳು ಉದುರಿದ ಜಾಲಿಕಾಯಿಯನ್ನು ತಿಂದಾಗ ಗಟ್ಟಿ ಸಿಪ್ಪೆಯ ಬೀಜಗಳಲ್ಲಿ ಒಂದು ಭಾಗ ಜೀರ್ಣವಾಗದೆ ಹೊರಬರುತ್ತದೆ. ಬೀಜದ ಸಿಪ್ಪೆ ಮೆದುವಾಗುವುದರಿಂದ ಇಂತಹ ಬೀಜ ಬೇಗ ಮೊಳೆಯುತ್ತದೆ. ಕಾಯಿ ಬೇಗನೆ ಮೇಕೆಯ ಪಾಲಾದಷ್ಟೂ ದುಂಬಿಗೆ ದೊರೆಯುವ ಅವಕಾಶ ಕಡಿಮೆಯಾಗುತ್ತದೆ. ಈ ಕಾರಣದಿಂದ ಮೇಕೆ ದೊಡ್ಡಿಗಳಿಂದ ಜಾಲಿ ಬೀಜ ಸಂಗ್ರಹಿಸುವ ಪದ್ಧತಿಯು ಸಸ್ಯಪಾಲನೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ.

7. ನಷ್ಟದ ಲೆಕ್ಕಾಚಾರ

ಪರೀಕ್ಷಿಸದೆ ಬಿತ್ತುವುದರಿಂದ ಆಗುವ ನಷ್ಟವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಬ್ಬ ರೈತರಿಗೆ 1,000 ಹುಣಸೆ ಸಸಿಗಳು ಬೇಕಾಗಿವೆ ಎಂದು ಭಾವಿಸೋಣ. ಒಳ್ಳೆಯ ಬೀಜಗಳಲ್ಲಿ ನೂರಕ್ಕೆ 80 ಮೊಳೆಯುವುದಾದರೆ 1,250 ಬೀಜಗಳು ಸಾಕು. ಆದರೆ ಆ ರಾಶಿಯಲ್ಲಿ ನೂರಕ್ಕೆ 40 ಬೀಜಗಳನ್ನು ದುಂಬಿ ಟೊಳ್ಳು ಮಾಡಿದ್ದರೆ, 1,250 ಚೀಲಗಳ ಪೈಕಿ 500ರಲ್ಲಿ ಟೊಳ್ಳು ಬೀಜ ಬೀಳುತ್ತದೆ. ಉಳಿದ 750ರಲ್ಲಿ 600 ಮಾತ್ರ ಮೊಳೆಯುತ್ತವೆ. 650 ಚೀಲಗಳು ಬರಿದಾಗಿ ಉಳಿಯುತ್ತವೆ.

ಆ 650 ಚೀಲಗಳಿಗೂ ಕೆಮ್ಮಣ್ಣು, ಮರಳು, ಗೊಬ್ಬರ ತುಂಬಿಸಿ, ಬೇಸಿಗೆಯಲ್ಲಿ ದಿನವೂ ನೀರು ಹಾಕಿರಲಾಗುತ್ತದೆ. ಬೀಜಕ್ಕಿಂತ ಈ ವೆಚ್ಚವೇ ಅಧಿಕ. ಮೊದಲೇ ಪರೀಕ್ಷೆ ಮಾಡಿದ್ದಲ್ಲಿ ಸುಮಾರು 2,100 ಬೀಜಗಳನ್ನು ಸಂಗ್ರಹಿಸಿ, ಟೊಳ್ಳನ್ನು ಬೇರ್ಪಡಿಸಿ, 1,250 ಗಟ್ಟಿ ಬೀಜಗಳನ್ನು ಮಾತ್ರ ಬಿತ್ತಬಹುದಾಗಿತ್ತು.

8. ಬೀಜ ಸಂಗ್ರಹಿಸುವಾಗ ಅನುಸರಿಸಬೇಕಾದ ಕ್ರಮಗಳು

ಬೀಜ ಸಂಗ್ರಹಿಸುವವರು ಈ ಕೆಳಕಂಡ ಕ್ರಮಗಳನ್ನು ಅನುಸರಿಸುವುದು ಸೂಕ್ತ.

(ಅ) ಕಾಯಿ ಪೂರ್ಣವಾಗಿ ಬಲಿತ ಕೂಡಲೇ ಕೊಯ್ಲು ಮಾಡಬೇಕು. ತಾನಾಗಿ ಉದುರುವವರೆಗೆ ಕಾಯುವುದರಿಂದ ದುಂಬಿಗೆ ಸಮಯ ದೊರೆಯುತ್ತದೆ.

(ಆ) ಬೀಜಕ್ಕಾಗಿ ಮರದಿಂದ ಬಡಿದು ಬೀಳಿಸಿದ ಹಣ್ಣನ್ನೇ ಬಳಸಬೇಕು. ಬಹಳ ದಿನಗಳಿಂದ ನೆಲದಲ್ಲಿ ಬಿದ್ದಿದ್ದ ಹಣ್ಣಿನೊಂದಿಗೆ ಬೆರೆಸಬಾರದು.

(ಇ) ಓಡು ಮತ್ತು ತಿರುಳನ್ನು ತಡಮಾಡದೆ ಬೇರ್ಪಡಿಸಿ ಬೀಜವನ್ನು ತೊಳೆಯಬೇಕು. ತೊಳೆಯುವಾಗ ಮೇಲ್ಮೈಯ ಮೊಟ್ಟೆಗಳಲ್ಲಿ ಹಲವು ಉದುರಿಹೋಗುತ್ತವೆ.

(ಈ) ತೊಳೆದ ಹುಣಸೆ ಬೀಜವನ್ನು ತೆಳುವಾಗಿ ಹರಡಿ ಎರಡು ಮೂರು ದಿನ ಒಣಗಿಸಬೇಕು. ಹೊಂಗೆ ಮತ್ತು ಬೇವಿನ ಬೀಜಗಳನ್ನು ನೆರಳಿನಲ್ಲಿ ಒಣಗಿಸುವುದು ಉತ್ತಮ. ಬೇವಿನ ಬೀಜವು ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ದಾಸ್ತಾನು ಮಾಡದೆ ಕೂಡಲೇ ಬಿತ್ತಬೇಕು.

(ಉ) ಕೊಯ್ಲಿನ ನಂತರ ಮರದಡಿಯಲ್ಲಿ ಉಳಿದ ಕಾಯಿ, ಓಡು, ತೂತುಬಿದ್ದ ಬೀಜಗಳನ್ನು ಗುಡಿಸಿ, ಆಳವಾದ ಗುಂಡಿಯಲ್ಲಿ ಹೂಳಬೇಕು. ಇದು ಮುಂದಿನ ವರ್ಷದ ಬೆಳೆಗೆ ಮಾಡುವ ಉಪಕಾರ. ಇದಕ್ಕಾಗಿ ಮರದ ಬುಡದಲ್ಲಿ ಬೆಂಕಿ ಹಚ್ಚಬಾರದು. ಕಾಯ್ದಿರಿಸಿದ ಅರಣ್ಯದಲ್ಲಿ ಬೆಂಕಿ ಹಚ್ಚುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅನ್ವಯ ಅಪರಾಧವಾಗಿರುತ್ತದೆ.

(ಊ) ದೇವರಾಯನದುರ್ಗ ಮುಂತಾದ ಅರಣ್ಯ ಪ್ರದೇಶಗಳಲ್ಲಿ ಬೀಜ ಸಂಗ್ರಹಿಸಲು ಇಚ್ಛಿಸುವವರು ಮುಂಚಿತವಾಗಿ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸತಕ್ಕದ್ದು.

9. ಬೀಜ ಪರೀಕ್ಷೆಯ ಸರಳ ವಿಧಾನಗಳು

ನೀರಿನ ಪರೀಕ್ಷೆ: ಬೀಜಗಳನ್ನು ನೀರು ತುಂಬಿದ ಬಕೆಟ್ಟಿಗೆ ಹಾಕಿ ಕೈಯಾಡಿಸಬೇಕು. ಟೊಳ್ಳು ಬೀಜಗಳು ತೇಲುತ್ತವೆ. ಗಟ್ಟಿ ಬೀಜಗಳು ಮುಳುಗುತ್ತವೆ. ಆದರೆ ಹುಳು ಇನ್ನೂ ಚಿಕ್ಕದಾಗಿರುವ ಬೀಜವೂ ಮುಳುಗುವುದರಿಂದ ಈ ಪರೀಕ್ಷೆಯೊಂದನ್ನೇ ನಂಬಬಾರದು.

ಕತ್ತರಿಸುವ ಪರೀಕ್ಷೆ: ಮೂಟೆಯ ಮೇಲ್ಭಾಗ, ನಡುಭಾಗ ಮತ್ತು ತಳಭಾಗದಿಂದ ಆರಿಸದೆ ಒಟ್ಟು 100 ಬೀಜಗಳನ್ನು ತೆಗೆದು, ಒಂದು ರಾತ್ರಿ ನೆನೆಸಿ, ಮರುದಿನ ಕತ್ತರಿಸಿ ನೋಡಬೇಕು. ಗಟ್ಟಿ, ಟೊಳ್ಳು ಮತ್ತು ಹುಳುವಿರುವ ಬೀಜಗಳನ್ನು ಪ್ರತ್ಯೇಕವಾಗಿ ಎಣಿಸಿ ಬರೆದಿಡಬೇಕು. 100 ಬೀಜಗಳನ್ನು ಕಳೆದುಕೊಳ್ಳಲು ಹಿಂಜರಿಯುವವರು ಮೇಲೆ ತಿಳಿಸಿದ 650 ಬರಿಯ ಚೀಲಗಳ ಲೆಕ್ಕವನ್ನು ನೆನೆಯಬಹುದು.

ಮೊಳಕೆ ಪರೀಕ್ಷೆ: ಮತ್ತೆ 100 ಬೀಜಗಳನ್ನು ತೇವವಾದ ಮರಳಿನ ತಟ್ಟೆಯಲ್ಲಿ ಬಿತ್ತಿ, ಮೊಳೆತವುಗಳನ್ನು ಎಣಿಸಬೇಕು. ಹುಣಸೆ ಬೀಜ ಮೊಳೆಯಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕಾಗುತ್ತದೆ. ಇದರಿಂದ ಎಷ್ಟು ಬೀಜ ಬಿತ್ತಬೇಕೆಂಬ ನಿಖರ ಅಂದಾಜು ದೊರೆಯುತ್ತದೆ.

10. ದಾಸ್ತಾನು ಮಾಡುವ ಕ್ರಮ

ಚೆನ್ನಾಗಿ ಒಣಗಿದ ಹುಣಸೆ ಮತ್ತು ಜಾಲಿ ಬೀಜಗಳನ್ನು ಗಾಳಿಯಾಡದ ಡಬ್ಬಿ ಅಥವಾ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಡಬ್ಬಿ ತುಂಬ ಬೀಜವಿದ್ದಲ್ಲಿ ಒಳಗಿನ ಆಮ್ಲಜನಕ ಕಡಿಮೆಯಾಗಿ ಹುಳುಗಳು ಬೆಳೆಯಲಾರವು. ಗೋಣಿಚೀಲದಲ್ಲಿ ಈ ರಕ್ಷಣೆ ಇರುವುದಿಲ್ಲ. ಡಬ್ಬಿಯ ಮೇಲೆ ಮರದ ಹೆಸರು, ಸಂಗ್ರಹಿಸಿದ ಸ್ಥಳ ಮತ್ತು ದಿನಾಂಕವನ್ನು ನಮೂದಿಸುವುದು ಉತ್ತಮ.

ಒಲೆಯ ಜರಡಿ ಹಿಡಿದ ಬೂದಿಯನ್ನು ಬೀಜದೊಂದಿಗೆ ಬೆರೆಸುವುದು ಮತ್ತು ಕಾಳುಗಳಿಗೆ ಕೆಮ್ಮಣ್ಣು ಕಟ್ಟುವುದು ಈ ಭಾಗದ ಹಿರಿಯರಿಗೆ ತಿಳಿದಿರುವ ಕ್ರಮಗಳೇ ಆಗಿವೆ. ಇವು ದುಂಬಿಯ ಓಡಾಟಕ್ಕೂ ಮೊಟ್ಟೆ ಅಂಟುವುದಕ್ಕೂ ಅಡ್ಡಿಯಾಗುತ್ತವೆ. ಆದರೆ ಬೀಜದೊಳಗೆ ಈಗಾಗಲೇ ಸೇರಿರುವ ಹುಳುವನ್ನು ಬೂದಿಯಾಗಲಿ ಮಣ್ಣಾಗಲಿ ಕೊಲ್ಲುವುದಿಲ್ಲ. ಅಲ್ಪ ಪ್ರಮಾಣದ ಒಣ ಬೀಜವಾದಲ್ಲಿ, ಬಿಗಿಯಾಗಿ ಮುಚ್ಚಿದ ಡಬ್ಬಿಯನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಒಂದು ವಾರ ಇಡುವುದರಿಂದ ಒಳಗಿನ ಹುಳುಗಳು ಸಾಯುತ್ತವೆ. ಹೊರತೆಗೆದ ಡಬ್ಬಿಯನ್ನು ಕೋಣೆಯ ಉಷ್ಣಾಂಶಕ್ಕೆ ಬರುವವರೆಗೆ ತೆರೆಯಬಾರದು. ತೆರೆದಲ್ಲಿ ಬೀಜದ ಮೇಲೆ ತೇವ ಕಟ್ಟುತ್ತದೆ.

ಜಾಲಿ ಬೀಜವನ್ನು ಬಿತ್ತುವ ಮೊದಲು, ಕುದಿದು ಒಲೆಯಿಂದ ಇಳಿಸಿದ ನೀರನ್ನು ಅದರ ಮೇಲೆ ಸುರಿದು, ಅದೇ ನೀರಿನಲ್ಲಿ ತಣಿಯಲು ಬಿಟ್ಟು ರಾತ್ರಿಯಿಡೀ ನೆನೆಸಬೇಕು. ಬೀಜವನ್ನು ಒಲೆಯ ಮೇಲಿಟ್ಟು ಕುದಿಸಬಾರದು.

11. ಮಾಡಬಾರದ ಕಾರ್ಯಗಳು

ಬೀಜಕ್ಕೆ ಹುಳು ಬಿದ್ದಿದೆಯೆಂದು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಮನೆಯಲ್ಲಿ ಬಳಸಬಾರದು. ಈ ಮಾತ್ರೆಯು ಗಾಳಿಯ ತೇವದೊಂದಿಗೆ ಸೇರಿ ಹೊರಬಿಡುವ ಫಾಸ್ಫೀನ್ ಅನಿಲವು ಮನುಷ್ಯರಿಗೂ ಜಾನುವಾರುಗಳಿಗೂ ಮಾರಕ. ಪಕ್ಕದ ಕೋಣೆಯಲ್ಲಿ ಮಲಗಿದವರಿಗೂ ಇದರಿಂದ ಅಪಾಯವಿದೆ. ಇದು ನಿರ್ಬಂಧಿತ ಬಳಕೆಯ ಕೀಟನಾಶಕವಾಗಿದ್ದು, ತರಬೇತಿ ಪಡೆದವರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸತಕ್ಕದ್ದು. ಆಕಸ್ಮಿಕವಾಗಿ ಅನಿಲ ಸೇವಿಸಿದವರನ್ನು ಕೂಡಲೇ ಹೊರಗಿನ ಗಾಳಿಗೆ ಕರೆತಂದು 108 ಸಂಖ್ಯೆಗೆ ಕರೆ ಮಾಡಬೇಕು.

ಕಾಯಿ ತುಂಬಿದ ಹುಣಸೆ ಮರಕ್ಕೆ ಕೀಟನಾಶಕ ಸಿಂಪಡಿಸುವುದೂ ಸಲ್ಲದು. ಹಣ್ಣು ಜನರ ಆಹಾರವಾಗುತ್ತದೆ. ಅಲ್ಲದೆ, ಈ ದುಂಬಿಯ ಬಳಗದ ಕೀಟಗಳ ಮೊಟ್ಟೆಗಳಲ್ಲಿ ಹಾಗೂ ಮರಿಹುಳುಗಳ ಮೇಲೆ ತಮ್ಮ ಮೊಟ್ಟೆಯಿಟ್ಟು ಅವುಗಳನ್ನು ನಾಶಪಡಿಸುವ ಅತಿ ಸಣ್ಣ ಕಣಜಗಳಿವೆ. ಸಿಂಪಡಣೆಯಿಂದ ಮೊದಲು ಸಾಯುವುವು ಈ ಕಣಜಗಳೇ.

ಬಿತ್ತನೆಗಾಗಿ ಕೀಟನಾಶಕ ಲೇಪಿಸಿದ ಬೀಜವನ್ನು ಯಾವುದೇ ಕಾರಣಕ್ಕೂ ತಿನ್ನಲು, ಜಾನುವಾರುಗಳಿಗೆ ಹಾಕಲು ಅಥವಾ ಮಕ್ಕಳ ಆಟಕ್ಕೆ ನೀಡಬಾರದು.

12. ಅರ್ಜಿದಾರರ ಗಮನಕ್ಕೆ

ಸ್ವತಃ ಸಸಿ ಬೆಳೆಸಲು ಅನುಕೂಲವಿಲ್ಲದವರು ತಮ್ಮ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ಸಸಿಗಳಿಗಾಗಿ ವಿಚಾರಿಸಬಹುದು. 2011-12ನೇ ಸಾಲಿನಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು, ರೈತರು ಇಲಾಖೆಯ ಸಸ್ಯಕ್ಷೇತ್ರದಿಂದ ಸಸಿ ಪಡೆದು ತಮ್ಮ ಜಮೀನಿನಲ್ಲಿ ನೆಟ್ಟು, ಬದುಕುಳಿದ ಸಸಿಗಳ ಲೆಕ್ಕದಂತೆ ಪ್ರೋತ್ಸಾಹಧನ ಪಡೆಯುವ ತತ್ವವನ್ನು ಆಧರಿಸಿದೆ. ಸಸಿಗಳ ಲಭ್ಯತೆ, ದರ ಹಾಗೂ ಅಗತ್ಯ ದಾಖಲೆಗಳ ವಿವರವನ್ನು ಅರ್ಜಿ ಸಲ್ಲಿಸುವ ಮುನ್ನ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಜಮೀನಿನ ಪಹಣಿ, ಗುರುತಿನ ಪತ್ರ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಜೊತೆಯಲ್ಲಿ ಕೊಂಡೊಯ್ಯುವುದರಿಂದ ಮತ್ತೊಮ್ಮೆ ಬರುವ ಶ್ರಮ ತಪ್ಪುತ್ತದೆ. ಮುಂಗಾರು ಆರಂಭವಾದ ನಂತರ ಸಸಿಗಳಿಗೆ ಬೇಡಿಕೆ ಹೆಚ್ಚುವುದರಿಂದ ಬೇಸಿಗೆಯಲ್ಲಿಯೇ ವಿಚಾರಿಸುವುದು ಒಳಿತು.

ಕಡಲೆಕಾಯಿ ಹಾಗೂ ಹುಣಸೆಯಲ್ಲಿ ಹುಳುವಿನ ಹಾವಳಿ ಕಂಡುಬಂದಲ್ಲಿ ತುಮಕೂರು ತಾಲ್ಲೂಕಿನ ಹಿರೇಹಳ್ಳಿ ಅಥವಾ ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಸಲಹೆ ಪಡೆಯಬಹುದು. ಸಲಹೆಗೆ ಹೋಗುವವರು ಹಾನಿಗೊಳಗಾದ ಬೀಜಗಳ ಮಾದರಿಯನ್ನು ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಕೊಂಡೊಯ್ಯಬೇಕು. ತೆರೆದ ಪೊಟ್ಟಣದಲ್ಲಿ ಒಯ್ದರೆ ದುಂಬಿಯನ್ನೂ ಊರಿಂದೂರಿಗೆ ಹೊತ್ತೊಯ್ದಂತಾಗುತ್ತದೆ. ರೈತರ ಕರೆ ಕೇಂದ್ರದ ಶುಲ್ಕರಹಿತ ಸಂಖ್ಯೆ 1800-180-1551ರ ಮೂಲಕವೂ ಮಾಹಿತಿ ಪಡೆಯಬಹುದು.

ಹುಣಸೆ ಮರವು ನೆಟ್ಟವರ ಮೊಮ್ಮಕ್ಕಳ ಕಾಲದಲ್ಲಿಯೂ ಫಲ ಕೊಡುವಂತಹುದು. ಅಷ್ಟು ದೀರ್ಘಾಯುಷಿಯಾದ ಮರದ ಆರಂಭವು ಒಂದು ಬೀಜದ ಒಳಗಿನ ಬೇಳೆಯನ್ನು ಅವಲಂಬಿಸಿದೆ. ಆದ್ದರಿಂದ ಸಾರ್ವಜನಿಕರು ಸಕಾಲದಲ್ಲಿ ಕೊಯ್ದು, ತೊಳೆದು, ಒಣಗಿಸಿ, ಬಿತ್ತುವ ಮೊದಲು ಬೀಜವನ್ನು ಕತ್ತರಿಸಿ ಪರೀಕ್ಷಿಸಬೇಕೆಂದು ಕೋರಲಾಗಿದೆ.